ದೇವರ ಕರೆ ನನಗೂ ಇದೆಯಾ? ಅದನ್ನು ಗುರುತಿಸುವುದು ಹೇಗೆ?

ಖಂಡಿತ ಇದೆ. ಕರೆ ಅಂದರೆ ಪಾಸ್ಟರ್ ಆಗುವುದು ಮಾತ್ರ ಅಲ್ಲ.

ಬೈಬಲಿನಲ್ಲಿ ಇಸ್ರಾಯೇಲರನ್ನು ಈಜಿಪ್ಟಿನ ದಾಸತ್ವದಿಂದ ಬಿಡಿಸಿದ ಮೋಶೆಯನ್ನೇ ನೋಡಿ. ದೇವರು ಕರೆದಾಗ ಅವನು ಮಾವನ ಕುರಿ ಮೇಯಿಸುತ್ತಿದ್ದ. ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತಾಗ ವಯಸ್ಸು 80. ಜನ ನನ್ನನ್ನು ನಂಬಲ್ಲ ಎಂದು ಹಿಂಜರಿದಾಗ ದೇವರು ಕೇಳಿದ್ದು, 'ನಿನ್ನ ಕೈಯಲ್ಲಿರುವುದೇನು?' ಅಂತ. ಇದ್ದದ್ದು ಕುರಿ ಕಾಯುವ ಕೋಲು, ಅಷ್ಟೇ.

ಹಾಗಾಗಿ ನಿಮ್ಮ ಕೈಯಲ್ಲಿ ಏನಿದೆ ನೋಡಿ. ಹುಷಾರಿಲ್ಲದವರ ಪಕ್ಕ ತಾಳ್ಮೆಯಿಂದ ಕೂರುವುದೂ ಕರೆಯೇ ಅಲ್ವಾ? ನಾವು ಮಾಡಬೇಕಾದ ಒಳ್ಳೆಯ ಕೆಲಸಗಳನ್ನು ದೇವರು ಮೊದಲೇ ಸಿದ್ಧ ಮಾಡಿದ್ದಾರೆ ಎನ್ನುತ್ತದೆ ಬೈಬಲಿನ ಎಫೆಸ 2:10. ನನಗೆ ಜಾಸ್ತಿ ಧೈರ್ಯ ಕೊಡುವ ಮಾತು ಇದು.

ಫಲ ತಡವಾದರೆ ಕುಗ್ಗಬೇಡಿ. ಬೈಬಲಿನ ಯೆರೆಮೀಯ 29ರಲ್ಲಿರುವ ಒಳ್ಳೆಯ ಭವಿಷ್ಯದ ಭರವಸೆ ಬಾಬೆಲಿಗೆ (ಬ್ಯಾಬಿಲೋನ್) ಸೆರೆಯಾಗಿ ಹೋಗಿದ್ದ ಯೆಹೂದ್ಯರಿಗೆ ಬಂದದ್ದು. ಊರಿಗೆ ಮರಳಲು 70 ವರ್ಷ ಕಾಯಬೇಕಿತ್ತು. ಅಲ್ಲಿವರೆಗೆ ಮನೆ ಕಟ್ಟಿ, ತೋಟ ಮಾಡಿ ಎಂದೇ ದೇವರು ಹೇಳಿದ್ದರು.