ಬೌಲಸ್ ಫಾಲ್ಕನ್ ಗ್ಲೈಡರ್ ಎಷ್ಟು ಕೈ ಬದಲಾಯಿತು?

ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿರುವ ಫಾಲ್ಕನ್ ಅನ್ನೋ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ), ಗ್ಲೈಡರ್ ಪೈಲಟ್ ರಿಚರ್ಡ್ ಡ್ಯೂಪಾಂಟ್ ಹಾರಿಸಿದ್ದೇನಾ, ನಡುವೆ ಎಷ್ಟು ಜನ ಮಾಲೀಕರಿದ್ದರು ಅಂತ ಕೇಳಿದ್ದೀರಿ. ಅಲ್ಲ, ಡ್ಯೂಪಾಂಟ್ ಹಾರಿಸಿದ್ದು ಬೇರೆ ಗ್ಲೈಡರ್. ಎರಡೂ ವಿನ್ಯಾಸಕ ಹಾಲೀ ಬೌಲಸ್ ಅವರ ಸೀನಿಯರ್ ಆಲ್ಬಟ್ರಾಸ್ ಮಾದರಿಯವೇ, ಅದಕ್ಕೇ ಈ ಗೊಂದಲ ಜಾಸ್ತಿ. ಡ್ಯೂಪಾಂಟ್ 1934ರಲ್ಲಿ 158 ಮೈಲಿ ಹಾರಿ ದಾಖಲೆ ಮಾಡಿದ್ದು ಆಲ್ಬಟ್ರಾಸ್ 2ರಲ್ಲಿ. ಅದು ಈಗ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದ ನ್ಯಾಷನಲ್ ಸೋರಿಂಗ್ ಮ್ಯೂಸಿಯಮ್ಮಿನಲ್ಲಿದೆ.

ಫಾಲ್ಕನ್ ಕಥೆ ತುಂಬಾ ಚಿಕ್ಕದು. ಅದನ್ನು ಕೊಂಡವರು ವಾರೆನ್ ಈಟನ್, ಮೊದಲ ಮಹಾಯುದ್ಧದಲ್ಲಿ ಸ್ಪ್ಯಾಡ್ ಅನ್ನೋ ಯುದ್ಧವಿಮಾನ ಹಾರಿಸಿದವರು, ಅಮೆರಿಕದ ಸೋರಿಂಗ್ ಸೊಸೈಟಿಯ (ಗ್ಲೈಡರ್ ಹಾರಿಸುವವರ ಸಂಘ) ಮೊದಲ ಅಧ್ಯಕ್ಷರು. 1934ರಲ್ಲಿ ಅವರು ಗ್ಲೈಡರ್ ಅಪಘಾತದಲ್ಲೇ ತೀರಿಕೊಂಡರು. ಆಮೇಲೆ 1935ರಲ್ಲಿ ಹೆಂಡತಿ ಜೆನೆವೀವ್ ಅದನ್ನು ಸ್ಮಿತ್ಸೋನಿಯನ್‌ಗೆ ಕೊಟ್ಟುಬಿಟ್ಟರು. ಅಷ್ಟೇ, ಮಧ್ಯೆ ದಲ್ಲಾಳಿ, ಕ್ಲಬ್ಬು, ಹರಾಜು ಏನೂ ಇಲ್ಲ. ಹಳೇ ಗ್ಲೈಡರ್‌ಗಳಲ್ಲಿ ಇದು ಅಪರೂಪ. ಸಾಮಾನ್ಯವಾಗಿ ಹತ್ತು ಕೈ ಬದಲಾಗಿ, ಯಾವುದೋ ಕೊಟ್ಟಿಗೆಯಲ್ಲಿ ಧೂಳು ತಿಂದು, ಅರ್ಧ ರೆಕ್ಕೆ ಕಳ್ಕೊಂಡಿರ್ತವೆ ಅಲ್ವಾ?

ಫೋಟೋ ಸಿಕ್ಕರೆ ಹೊದಿಕೆ ನೋಡಿ, ಹೊಳೆಯುವ ಮಹಾಗನಿ ಪ್ಲೈವುಡ್ಡು, ಹಳೇ ಮನೆ ಬೀರುವಿನ ಬಣ್ಣ. ರೆಕ್ಕೆ ತುದಿಯಿಂದ ತುದಿಗೆ 61 ಅಡಿಗಿಂತ ಜಾಸ್ತಿ ಇದೆ. ಗ್ಲೈಡರ್ ಮೇಲಿನ ನೋಂದಣಿ ಅಕ್ಷರಗಳನ್ನೂ ಹೋಲಿಸಿ, ಹೆಸರು ನಂಬಬೇಡಿ.