ಮಂಡಿನೋವಿಗೆ ಕ್ಯಾಲ್ಸಿಯಂ ಮಾತ್ರೆ ಸಾಕೇ?

ಪ್ರಶ್ನೆ: ನನಗೆ 52 ವರ್ಷ. ಮುಟ್ಟು ನಿಂತು ಎರಡು ವರ್ಷಗಳಾಗಿವೆ. ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತದೆ. ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದರೂ ಕಡಿಮೆಯಾಗಿಲ್ಲ. ನನ್ನ ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ನನ್ನ ಮೂಳೆಗಳೂ ಟೊಳ್ಳಾಗುತ್ತಿವೆಯೇ? ಹದಿನಾರು ವರ್ಷದ ಮಗಳಿಗೆ ಈಗಿನಿಂದಲೇ ಮಾತ್ರೆ ಕೊಡಬೇಕೇ?

ಉತ್ತರ: ನೀವು ಕೇಳಿರುವುದು ಎರಡು ಬೇರೆ ಬೇರೆ ತೊಂದರೆಗಳ ಬಗ್ಗೆ. ಈ ವಯಸ್ಸಿನಲ್ಲಿ ಮೆಟ್ಟಿಲಿಳಿಯುವಾಗ ಕಾಡುವ ಮಂಡಿನೋವಿಗೆ ಬಹುತೇಕ ಕೀಲಿನಲ್ಲಿ ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಯ ಸವೆತ ಕಾರಣವಾಗಿರುತ್ತದೆ. ಅದಕ್ಕೆ ಕ್ಯಾಲ್ಸಿಯಂ ಮದ್ದಲ್ಲ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ತೊಡೆ ಬಿಗಿಯಾದ ಮೇಲೆ ಐದು ಎಣಿಸುವಷ್ಟು ಹೊತ್ತು ಹಿಡಿದು, ನಿಧಾನವಾಗಿ ಇಳಿಸಿ. ಎರಡೂ ಕಾಲುಗಳಿಗೆ ಹತ್ತು ಹತ್ತು ಬಾರಿ ಮಾಡಿ. ತೊಡೆಯ ಸ್ನಾಯು ಬಲಗೊಂಡಷ್ಟೂ ಮಂಡಿಗೆ ಆಸರೆ ಹೆಚ್ಚುತ್ತದೆ. ತೂಕ ಹೆಚ್ಚಿದ್ದರೆ ಇಳಿಸಲೇಬೇಕು. ಆದರೆ ಬೆರಳ ಗೆಣ್ಣುಗಳು ಊದಿಕೊಂಡು, ಬೆಳಗ್ಗೆ ಎದ್ದ ಮೇಲೆ ಗಂಟೆಗಟ್ಟಲೆ ಬಿಗಿದುಕೊಂಡಿದ್ದರೆ, ಅದು ರುಮಟಾಯ್ಡ್ ಸಂಧಿವಾತ ಇರಬಹುದಾದ್ದರಿಂದ ವೈದ್ಯರನ್ನು ಕಾಣಲು ತಡಮಾಡಬೇಡಿ.

ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ನೋವು ಕೊಡದೆಯೇ ಬೆಳೆಯುತ್ತದೆ, ಅನೇಕರಿಗೆ ಅದು ಗೊತ್ತಾಗುವುದೇ ಮಣಿಕಟ್ಟು ಮುರಿದಾಗ. ನಮ್ಮ ಮೂಳೆ ಸದಾ ಕರಗುತ್ತಾ, ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತದೆ. ಕರಗುವ ವೇಗಕ್ಕೆ ಕಡಿವಾಣವಾಗಿದ್ದ ಈಸ್ಟ್ರೊಜೆನ್ ಹಾರ್ಮೋನು ಮುಟ್ಟು ನಿಂತಾಗ ಕುಸಿಯುವುದರಿಂದ, ಆ ಬಳಿಕದ ಮೊದಲ ಕೆಲವು ವರ್ಷಗಳಲ್ಲೇ ನಷ್ಟ ಅತಿ ವೇಗವಾಗಿ ಆಗುತ್ತದೆ. ನೀವೀಗ ಆ ಘಟ್ಟದಲ್ಲಿದ್ದೀರಿ. ಸಾಮಾನ್ಯವಾಗಿ ಮಹಿಳೆಯರಿಗೆ 65ರ ನಂತರ ಸೂಚಿಸುವ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನನ್ನು, ತಾಯಿಗೆ ಸೊಂಟ ಮುರಿದ ಹಿನ್ನೆಲೆ ಇರುವ ನೀವು ಈಗಲೇ ಮಾಡಿಸುವುದು ಲೇಸೆಂಬುದು ನನ್ನ ಅಭಿಪ್ರಾಯ. ಅದರಲ್ಲಿ ಬರುವ ಟಿ-ಸ್ಕೋರ್ (ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸುವ ಅಂಕ) -2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎಂದರ್ಥ. ಆಗ ಬರೀ ಕ್ಯಾಲ್ಸಿಯಂ ಸಾಲದು, ಮೂಳೆ ಕರಗುವುದನ್ನು ತಡೆಯುವ ಔಷಧಿಗಳು ಬೇಕಾಗುತ್ತವೆ. ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸಿದ್ದರೆ, ಎತ್ತರ ನಾಲ್ಕು ಸೆಂಟಿಮೀಟರಿನಷ್ಟು ತಗ್ಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಐವತ್ತು ದಾಟಿದ ಮಹಿಳೆಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಇದು ಆಹಾರದಿಂದ ಬರುವುದೂ ಸೇರಿದ ಲೆಕ್ಕ. ಊಟದಲ್ಲಿ ಕೊರತೆ ಬಿದ್ದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಿಕೊಂಡರಾಯಿತು. ಒಂದೇ ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ನುಂಗಿದರೆ ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ವಿಟಮಿನ್ ಡಿ ಕೊರತೆಯಿದ್ದರಂತೂ ಹೀರಿಕೆ ಇನ್ನೂ ಕಡಿಮೆ.

ಮಗಳು ಸರಿಯಾಗಿ ಊಟ ಮಾಡುತ್ತಿದ್ದರೆ ಮಾತ್ರೆ ಬೇಡ. ಮೂವತ್ತರ ಆಸುಪಾಸಿನವರೆಗೆ ಕೂಡಿಟ್ಟ ಮೂಳೆಯೇ ಮುಂದಿನ ಬದುಕಿಗೆ ಬಂಡವಾಳ. ಓಟ, ಜಿಗಿತ, ಭಾರ ಎತ್ತುವುದು ಅದನ್ನು ಬೆಳೆಸುತ್ತವೆ. ತೆಳ್ಳಗಾಗುವ ಹಟದಲ್ಲಿ ಊಟ ಬಿಟ್ಟು ಮೂರು ತಿಂಗಳು ಮುಟ್ಟು ತಪ್ಪಿದರೆ, ಆಕೆಯ ಮೂಳೆಗೂ ಪೆಟ್ಟು ಬೀಳುತ್ತಿರಬಹುದು. ಆಗ ಸ್ತ್ರೀರೋಗ ತಜ್ಞರಿಗೆ ತೋರಿಸಿ.