ಹೆಬ್ಬೆಟ್ಟು ಒತ್ತಿದ ಮೇಲೂ ಅಜ್ಜಿ ಬೇಡ ಅನ್ನಬಹುದೇ?

ಪ್ರಶ್ನೆ: ನಾನು ನೇಪಾಳದವಳು. ಅಪ್ಪ ಬೆಂಗಳೂರಿನಲ್ಲಿ ವಾಚ್‌ಮನ್, ನಾನು ಓದಿದ್ದೆಲ್ಲ ಇಲ್ಲಿನ ಕನ್ನಡ ಶಾಲೆಯಲ್ಲೇ. ಪಿಎಚ್‌ಡಿಗಾಗಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡು, ಕುಲದ ಕಥೆಗಳನ್ನು ರೆಕಾರ್ಡ್ ಮಾಡಿದ್ದೇನೆ. ಒಬ್ಬ ಅಜ್ಜಿಯ ಹಾಡನ್ನು ಥೀಸಿಸ್‌ಗೆ ಹಾಕಬೇಡಿ ಎಂದು ಮೊಮ್ಮಗ ಈಗ ಫೋನ್ ಮಾಡಿದ್ದಾನೆ. ಒಪ್ಪಿಗೆ ಪತ್ರದಲ್ಲಿ ಅಜ್ಜಿಯ ಹೆಬ್ಬೆಟ್ಟು ಇದೆಯಲ್ಲ, ಹಾಕಿ ಅನ್ನುತ್ತಾರೆ ಗೈಡ್. ಒಂದಿಡೀ ಅಧ್ಯಾಯ ಅದರ ಮೇಲೇ ನಿಂತಿದೆ. ಇಲ್ಲೂ ಅಲ್ಲೂ ಹೊರಗಿನವಳಾದ ನನಗೆ ಈ ವಿಷಯವೇ ಬೇಡವಿತ್ತೇನೋ.

ಉತ್ತರ: ವಿಷಯ ಬಿಡಬೇಡಿ, ಆ ಹಾಡನ್ನು ಸದ್ಯಕ್ಕೆ ಬದಿಗಿಡಿ.

ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅಜ್ಜಿಗೆ ಏನು ಹೇಳಿದ್ದಿರಿ? ‘ಓದಿಗೆ ಬೇಕು’ ಎಂದಷ್ಟೇ ಆಗಿದ್ದರೆ ಆಕೆ ಒಪ್ಪಿದ್ದೂ ಅಷ್ಟಕ್ಕೇ. ಪಿಎಚ್‌ಡಿ ಸಿಕ್ಕ ಮೇಲೆ ಥೀಸಿಸ್ ಶೋಧಗಂಗಾ ಎಂಬ ಆನ್‌ಲೈನ್ ಥೀಸಿಸ್ ಭಂಡಾರಕ್ಕೆ ಹೋಗುತ್ತದೆ. ಒಂದೊಂದು ಅಧ್ಯಾಯದ ಪಿಡಿಎಫ್ ಅನ್ನೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಾಡಿನಲ್ಲಿ ಸೋಲಿಗರು ಪವಿತ್ರವೆಂದು ನಂಬುವ ವೀರು, ಅಬ್ಬಿ, ಮಾರಮ್ಮನ ಜಾಗಗಳು ಬಂದು, ನೀವು ಜಿಪಿಎಸ್ ಗುರುತನ್ನೂ ಸೇರಿಸಿದ್ದರೆ ಅಪರಿಚಿತರಿಗೆ ದಾರಿ ತೋರಿಸಿದಂತೆಯೇ. ಗಾಯಕರಿಗೂ ಹಕ್ಕಿದೆ: ಕೃತಿಸ್ವಾಮ್ಯ ಕಾಯ್ದೆ 1957ರ 38ನೇ ಕಲಂ ಹಾಡುವವರ ಹಕ್ಕನ್ನು 50 ವರ್ಷ ಕಾಯುತ್ತದೆ. ಗೈಡ್‌ಗೆ ಇದನ್ನು ತೋರಿಸಿ.

ಮೊಮ್ಮಗನಿಗೆ ಫೋನಿನಲ್ಲಿ ವಾದ ಹೂಡಬೇಡಿ. ಪೋಡಿಗೆ, ಅಂದರೆ ಅವರ ಊರಿಗೇ ಹೋಗಿ. ಮೊದಲು ಅಜ್ಜಿಯ ಜತೆ ಕೂತು ಮಾತಾಡಿ, ಆಮೇಲೆ ಮನೆಯವರು, ಕೊನೆಗೆ ಕುಲದ ಯಜಮಾನರು, ಪೂಜೆ ಮಾಡುವ ತಮ್ಮಡಿ. ಈ ಕ್ರಮ ತಲೆಕೆಳಗಾದರೆ ಹಿರಿಯ ಗಂಡಸರು ಹೇಳಿದ್ದೇ ಅಜ್ಜಿಯ ಮಾತೂ ಆಗಿಬಿಡುತ್ತದೆ. ರೆಕಾರ್ಡಿಂಗನ್ನು ಪೂರ್ತಿ ಕೇಳಿಸಿ. ಆಕ್ಷೇಪ ಇಡೀ ಹಾಡಿಗೋ, ದೇವರ ಹೆಸರಿರುವ ನಾಲ್ಕು ಸಾಲಿಗೋ, ಹೊತ್ತಲ್ಲದ ಹೊತ್ತಲ್ಲಿ ಹಾಡಿದ್ದಕ್ಕೋ ಎಂಬುದು ಆಗಲೇ ಗೊತ್ತಾಗುವುದು. ಎಷ್ಟೋ ಸಲ ಮುನಿಸಿನ ಮೂಲವೇ ಬೇರೆ: ರೆಕಾರ್ಡ್ ಮಾಡಿಕೊಂಡು ಹೋದವರು ಪ್ರತಿ ಕೊಡುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊ ವೇವ್ ಫೈಲ್ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ಅದು ನಿಮ್ಮ ಹಾರ್ಡ್‌ಡಿಸ್ಕಿನಲ್ಲಿರಲಿ. ಅವರ ಮೊಬೈಲಿಗೆ ಎಂಪಿ3 ಮಾಡಿ ಹಾಕಿಕೊಡಿ.

ಹೊಸ ಒಪ್ಪಿಗೆ ಒಂದೊಂದು ಹಾಡಿಗೂ ಬೇರೆ ಬೇರೆ ಇರಲಿ. ಪರೀಕ್ಷಕರು ಕೇಳಬಹುದೇ? ಸಾಹಿತ್ಯವನ್ನು ಅಚ್ಚು ಹಾಕಬಹುದೇ? ಹೆಸರು ಹಾಕಬಹುದೇ? ಇಂಟರ್‌ನೆಟ್‌ಗೆ ಬಿಡಬಹುದೇ? ಉತ್ತರ ಆಕೆಯ ದನಿಯಲ್ಲೇ ರೆಕಾರ್ಡ್ ಆಗಲಿ. ಓದಲು ಬಾರದವರ ಹೆಬ್ಬೆಟ್ಟಿಗಿಂತ ಇದಕ್ಕೆ ತೂಕ ಹೆಚ್ಚು.

ಬೇಡ ಎಂದರೆ ಬೇಡವೇ. ಹಾಡಿನ ಸಾಲು, ಜಾಗದ ಹೆಸರು ತೆಗೆದು, ಅದನ್ನು ಯಾರು, ಯಾವಾಗ, ಯಾರೆದುರು ಹಾಡುತ್ತಾರೆ, ಹೊರಗಿನವರಿಗೆ ಏಕಿಲ್ಲ ಎಂದು ಅಧ್ಯಾಯ ಬರೆಯಿರಿ. ಆದರೆ ಇದಕ್ಕೂ ಅಜ್ಜಿಯನ್ನು ಕೇಳಿಯೇ. ಗೈಡ್ ಗೊಣಗಬಹುದು, ಗೊಣಗಲಿ. ಸಿನಾಪ್ಸಿಸ್ (ಥೀಸಿಸ್‌ನ ಸಾರಾಂಶ) ಕೊಡುವ ಮೊದಲೇ ಬದಲಾವಣೆಯನ್ನು ವಿಭಾಗಕ್ಕೆ ಬರಹದಲ್ಲಿ ತಿಳಿಸಿ; ಥೀಸಿಸ್ ಸಲ್ಲಿಸಿದ ಮೇಲೆ ಅನುಬಂಧ ಕೀಳಿಸುವುದು ಹೆಣಗಾಟ.

ಇನ್ನು ಹೊರಗಿನವಳು ಎಂಬ ಅಳುಕು. ಅದಕ್ಕಿಂತ ನಿಮ್ಮ ಪೌರತ್ವದ ಕಡೆ ಗಮನ ಕೊಡಿ. ಹಾಡು, ಕಥೆಗಳಲ್ಲಿ ಬೇರು, ತೊಗಟೆಯ ಮದ್ದು ಬಂದು, ನೀವು ಅದನ್ನೂ ಸಂಶೋಧನೆಗೆ ಬಳಸುವುದಾದರೆ, ಜೀವವೈವಿಧ್ಯ ಕಾಯ್ದೆ 2002ರ 3ನೇ ಕಲಂ ಪ್ರಕಾರ ಭಾರತದ ಪ್ರಜೆಗಳಲ್ಲದವರು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಿಂದ ಮೊದಲೇ ಅನುಮತಿ ಪಡೆಯಬೇಕು. ನೇಪಾಳದವರಿಗೆ ವೀಸಾ ಬೇಡ, ಹಾಗೆಂದು ಇದೂ ಬೇಡ ಎಂದುಕೊಳ್ಳಬೇಡಿ. ಈಗಾಗಲೇ ರೆಕಾರ್ಡ್ ಮಾಡಿದ್ದರೆ ಬಚ್ಚಿಡದೆ ವಿಶ್ವವಿದ್ಯಾಲಯಕ್ಕೆ ಹೇಳಿ. ಅನುಮತಿ ಸಿಗುವವರೆಗೆ ಆ ಭಾಗ ಮುಟ್ಟಬೇಡಿ.

ಪೋಡಿಗೆ ನೀವು ಕೊಡಬಹುದಾದ್ದೂ ಇದೆ. ಬೆಟ್ಟದ ಸೋಲಿಗರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದರೂ ಬಾಕಿ ಅರ್ಜಿಗಳಿರಬಹುದು. ಅರಣ್ಯ ಹಕ್ಕು ನಿಯಮಗಳ 13ನೇ ನಿಯಮದಡಿ ಹಿರಿಯರ ಹೇಳಿಕೆ ಬರಹಕ್ಕಿಳಿದರೆ ಅದೂ ಸಾಕ್ಷ್ಯವೇ. ಹಳೆಯ ಪೋಡು, ಸಮಾಧಿ, ದೇವರ ಜಾಗದ ಬಗ್ಗೆ ಹಿರಿಯರು ಹೇಳಿದ್ದನ್ನು ಅವರು ಒಪ್ಪಿದಷ್ಟು ಮಾತ್ರ ಕನ್ನಡದಲ್ಲಿ ಬರೆದು, ಓದಿ ಹೇಳಿ, ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಒಂದು ಪ್ರತಿ ಕೊಡಿ.